ಉತ್ತರ ಬರೆಯದ ದೊರೆ

ಆ ಭಾನುವಾರ ನಮ್ಮ ಸೆಂಟರ್‌ವಿಲ್ ಮನೆಯ ಓವನ್ನಿನಲ್ಲಿ ಬೇಯುತ್ತಿದ್ದದ್ದು ತಿಂಡಿಯಲ್ಲ, ಪತ್ರಗಳು. ಆರನೇ ಗ್ರೇಡಿನ ಮಗಳು ಮೇಘನಾ ಶಾಲೆಯ ಪ್ರಾಜೆಕ್ಟಿಗಾಗಿ ಜೇಡಿಮಣ್ಣನ್ನು ಬಿಸ್ಕತ್ತಿನಂತೆ ತಟ್ಟಿ, ಕಡ್ಡಿಯಿಂದ ಗೀರಿ, ಮೂರು ಸಾವಿರ ವರ್ಷಗಳಿಗೂ ಹಿಂದಿನ ಅಂಚೆಯನ್ನು ತಯಾರಿಸುತ್ತಿದ್ದಳು.

ಅವಳು ಆರಿಸಿಕೊಂಡ ದೊರೆ ಅಖೆನಾತೆನ್. ನಿಮಗೂ ಗೊತ್ತಿರಬಹುದು, ಈಜಿಪ್ಟಿನ ಹಳೆಯ ದೇವರುಗಳನ್ನೆಲ್ಲ ಬದಿಗೆ ಸರಿಸಿ, ಸೂರ್ಯನೊಬ್ಬನೇ ಸಾಕೆಂದು ಮರುಭೂಮಿಯಲ್ಲಿ ಹೊಸ ರಾಜಧಾನಿ ಕಟ್ಟಿಸಿದವನು. ಅವನು ಬಿಸಿಲನ್ನು ಆರಾಧಿಸುತ್ತಿದ್ದಾಗ ಗಡಿನಾಡಿನ ಸಾಮಂತರು ಶತ್ರು ಬಂದನೆಂದು, ಸೈನ್ಯ ಬೇಕೆಂದು ಮಣ್ಣಿನ ಹಲಗೆಗಳ ಮೇಲೆ ಮೊರೆಯಿಡುತ್ತಿದ್ದರು. ಉತ್ತರವೇ ಬರಲಿಲ್ಲವೆಂದು ಹಲುಬುತ್ತಿದ್ದರು. ಅವನು ಸತ್ತ ಮೇಲೆ ಜನ ಆ ಊರನ್ನು ತೊರೆದರು, ಗೋಡೆಗಳಿಂದ ಅವನ ಹೆಸರನ್ನೂ ಕೆತ್ತಿ ತೆಗೆದರು.

"ಅಪ್ಪ, ಕಿಂಗ್ ಯಾಕೆ ಆನ್ಸರ್ ಮಾಡಿಲ್ಲ? ದಟ್ಸ್ ಸೋ ರೂಡ್," ಎಂದಳು ಮಗಳು.

ನಾನು ಓವನ್ನಿನ ಕಡೆ ತಿರುಗಿ ಹಲಗೆಗಳು ಗಟ್ಟಿಯಾದವೇ ಎಂದು ನೋಡಿದೆ. ಹಿಂದಿನ ವರ್ಷ ಪರದೇಶದ ಈ ಊರಿನ ನಮ್ಮ ಪುಟ್ಟ ಕನ್ನಡ ಬಳಗಕ್ಕೆ ನಾನೇ ದೊರೆ, ಅಂದರೆ ಅಧ್ಯಕ್ಷ. ಹೊಸತನದ ಹುಮ್ಮಸ್ಸಿನಲ್ಲಿ, ವಿಶಾಲಾಕ್ಷಿ ಆಂಟಿ ವರ್ಷಗಳಿಂದ ಮಕ್ಕಳಿಗೆ ಕಲಿಸುತ್ತಿದ್ದ ಕೋಲಾಟವನ್ನು ಕೈಬಿಟ್ಟು, ಯುಗಾದಿ ಕಾರ್ಯಕ್ರಮದಲ್ಲಿ ಸಿನಿಮಾ ಡ್ಯಾನ್ಸಿಗೇ ವೇದಿಕೆ ಕೊಟ್ಟೆ. ಅವರು ಎರಡು ಪತ್ರ ಬರೆದರು. ಉತ್ತರಿಸಲು ಪುರುಸೊತ್ತಿಲ್ಲ ಎಂದುಕೊಂಡೆ; ನಿಜವಾಗಿ ಇಲ್ಲದಿದ್ದದ್ದು ಧೈರ್ಯ. ಆಂಟಿ ಡರ್ಹಮ್‌ನಲ್ಲಿದ್ದ ಮಗಳ ಮನೆಗೆ ಹೊರಟುಹೋದರು. ಮೂರು ನಾಲ್ಕು ಕುಟುಂಬಗಳು ಬಳಗಕ್ಕೆ ಬರುವುದನ್ನೇ ನಿಲ್ಲಿಸಿದವು.

ಹೊಸದನ್ನು ಕಟ್ಟುವ ಆಸೆ ತಪ್ಪಲ್ಲ. ಆ ದೊರೆ ನಂಬಿದ ಸೂರ್ಯನೇನೂ ಸುಳ್ಳಲ್ಲವಲ್ಲ! ಆದರೆ ಬೆಳಕನ್ನೇ ದಿಟ್ಟಿಸುವವನಿಗೆ ಎದುರು ನಿಂತವರ ಮುಖ ಕಾಣಿಸುವುದಿಲ್ಲವೇನೋ. ಅವನಿಗಿಲ್ಲದ ಒಂದು ಸೌಕರ್ಯ ನನಗಿತ್ತು: ನಾನಿನ್ನೂ ಬದುಕಿದ್ದೆ, ಕಾರಿನಲ್ಲಿ ಪೆಟ್ರೋಲ್ ಇತ್ತು.

ಮುಂದಿನ ಶನಿವಾರ ಮಗಳನ್ನು ಕರೆದುಕೊಂಡು ನಾಲ್ಕು ಗಂಟೆ ದಾರಿ ಸವೆಸಿ ಡರ್ಹಮ್ ತಲುಪಿದೆ. ಆಂಟಿ ಬಾಗಿಲನ್ನು ಅರ್ಧವಷ್ಟೇ ತೆರೆದು ನಿಂತರು.

"ತಪ್ಪಾಯ್ತು ಆಂಟಿ. ನಿಮ್ಮ ಲೆಟರ್‌ಗೆ ರಿಪ್ಲೈ ಮಾಡೋಕೇ ಬಂದೆ."

"ಒಂದು ವರ್ಷ ಆದ್ಮೇಲಾ?" ಎಂದವರು ನನ್ನ ಹಿಂದೆ ಅವಿತಿದ್ದ ಮೇಘನಾಳನ್ನು ಕಂಡು ಮೆತ್ತಗಾದರು. "ಒಳಗೆ ಬನ್ನಿ. ಮೊದಲು ಊಟ. ಆಮೇಲೆ ನಿನ್ನ ಜೊತೆ ಜಗಳ ಇದೆ."

ಮಾತಿಗೆ ತಪ್ಪಲಿಲ್ಲ. ಅನ್ನ-ಸಾರು ಮುಗಿದ ಮೇಲೆ ಒಂದು ಗಂಟೆ ಚೆನ್ನಾಗಿ ಬೈದರು. ನಾನು ಒಂದೊಂದಕ್ಕೂ ಉತ್ತರ ಕೊಟ್ಟೆ, ಕೆಲವಕ್ಕೆ ತಲೆ ತಗ್ಗಿಸಿ, ಒಂದೆರಡಕ್ಕೆ ವಾದಿಸಿಯೂ. ಹೊರಡುವಾಗ ಅವರು ಮೇಘನಾಳ ಕೈಗೆ ಒಂದು ಜೊತೆ ಬಣ್ಣದ ಕೋಲು ಇಟ್ಟರು.

"ಯುಗಾದಿಗೆ ಬರ್ತೀನಿ, ಅಷ್ಟರಲ್ಲಿ ಪ್ರಾಕ್ಟೀಸ್ ಮಾಡಿರು ಪುಟ್ಟಿ. ನಿಮ್ಮಪ್ಪನ ಸಿನಿಮಾ ಡ್ಯಾನ್ಸೂ ಇರಲಿ, ನಾನೂ ಒಂದ್ಸಲ ನೋಡ್ಬೇಕು."