ನಲವತ್ತು ನಿಮಿಷದ ಹಳೇ ಊರು

ಮಂಜುಳಾ ಕಳಿಸಿದ ಅವರ ಅಪ್ಪನ ದನಿ ನಮ್ಮ ಕಾಲೇಜಿಗೆ ಬಂದು ತಲುಪಲೇ ಇಲ್ಲ. ತಲುಪಿಲ್ಲವೆಂದು ನನಗೆ ಗೊತ್ತಾದ ದಿನ ಆ ಅಪ್ಪ ಬದುಕಿದ್ದರು, ಚೆನ್ನಾಗಿ ಮಾತಾಡುತ್ತಿದ್ದರು, ಇನ್ನೊಮ್ಮೆ ಕೇಳಿದ್ದರೆ ಇನ್ನೊಮ್ಮೆ ಹೇಳುತ್ತಿದ್ದರು. ನಾನು ಬಾಯಿ ಬಿಡಲಿಲ್ಲ. ಅವರ ಮಗಳು ನೇರವಾಗಿ ಕೇಳಿದಾಗ ಸುಳ್ಳು ಹೇಳಿದೆ. ಇದಾಗಿ ಒಂಬತ್ತು ವರ್ಷ.

ಆಗ ನಾನು ಹುಣಸೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವ ಅತಿಥಿ ಉಪನ್ಯಾಸಕಿ. ಕೆ.ಆರ್. ನಗರದಿಂದ ದಿನಾ ಬಸ್ಸಿನಲ್ಲಿ ಓಡಾಟ. ಕನ್ನಡ ವಿಭಾಗದ ಶಿವನಂಜಪ್ಪ ಮೇಷ್ಟ್ರು ಒಂದು ದಿನ ಲ್ಯಾಬಿಗೆ ಬಂದು ಕೂತರು.

"ಮುದುಕ್ರು ಒಬ್ಬೊಬ್ರೇ ಓಯ್ತಾವ್ರೆ ಕಣಮ್ಮ. ಅವ್ರ ಮಾತ್ನ ಒಂದ್ಕಡೆ ಕೂಡಾಕ್ಬೇಕು. ಊರೂರಿಂದ ಜನ ಫೋನಲ್ಲಿ ರೆಕಾರ್ಡ್ ಮಾಡಿ ಕಳಿಸೋ ಅಂಗೆ ಏನಾರ ಮಾಡಕ್ಕಾಯ್ತದಾ?"

"ಆಗುತ್ತೆ ಸರ್" ಅಂದೆ. ಅಂಥದ್ದೊಂದನ್ನು ನಾನು ಅಲ್ಲಿಯವರೆಗೆ ಮಾಡಿರಲಿಲ್ಲ. ಹೆಸರು, ಊರು ತುಂಬಿಸುವ ಫಾರಂ ಮಾಡಲು ಬರುತ್ತಿತ್ತು. ಫೈಲು ತೆಗೆದುಕೊಳ್ಳುವುದನ್ನು ಇಂಟರ್ನೆಟ್ಟಿನ ಯಾವುದೋ ಪಾಠ ನೋಡಿ ಕಲಿತೆ. ಆ ಪಾಠವನ್ನೂ ಕೊನೆಯವರೆಗೆ ಓದಲಿಲ್ಲ.

ಓದದೆ ಬಿಟ್ಟದ್ದು ಏನೆಂದು ಹೇಳಬೇಕು. ಯಾರಾದರೂ ಕಳಿಸಿದ ಫೈಲು ಮೊದಲು ಸರ್ವರಿನ ಒಂದು ತಾತ್ಕಾಲಿಕ ಜಾಗಕ್ಕೆ ಬಂದು ಬೀಳುತ್ತದೆ. ಅದು ನಿಜವಾಗಿ ಬಂದಿದೆಯೇ, ಪೂರ್ತಿ ಬಂದಿದೆಯೇ ಎಂದು ನಾವು ಬರೆದ ಪ್ರೋಗ್ರಾಂ ನೋಡಬೇಕು. ನೋಡಿ, ಎತ್ತಿ, ಕಾಯಂ ಜಾಗಕ್ಕೆ ಸೇರಿಸಬೇಕು. ಮಿತಿಗಿಂತ ದೊಡ್ಡ ಫೈಲಾದರೆ ಸರ್ವರ್ ಅದನ್ನು ಇಟ್ಟುಕೊಳ್ಳುವುದೇ ಇಲ್ಲ. ಇಂಥ ಕಾರಣಕ್ಕೆ ಬರಲಿಲ್ಲ ಎಂದು ಒಂದು ಸಂಖ್ಯೆಯನ್ನು ಮಾತ್ರ ಪ್ರೋಗ್ರಾಮಿಗೆ ಕೊಡುತ್ತದೆ. ನನ್ನ ಪ್ರೋಗ್ರಾಂ ಆ ಸಂಖ್ಯೆಯನ್ನು ನೋಡುತ್ತಿರಲಿಲ್ಲ. ಫೈಲು ಬರಲಿ ಬಿಡಲಿ, ಹೆಸರು, ಊರು, ಫೋನ್ ನಂಬರು, ಶೀರ್ಷಿಕೆ ಬರೆದುಕೊಂಡು ಹಸಿರು ಅಕ್ಷರದಲ್ಲಿ ತೋರಿಸುತ್ತಿತ್ತು — 'ನಿಮ್ಮ ಧ್ವನಿ ನಮಗೆ ತಲುಪಿದೆ. ಧನ್ಯವಾದಗಳು.'

ಮಿತಿ ಇದ್ದದ್ದು ಎರಡು ಎಂಬಿ. ನಾನು ಇಟ್ಟದ್ದಲ್ಲ, ಸರ್ವರಿನಲ್ಲಿ ಮೊದಲಿನಿಂದಲೇ ಇದ್ದದ್ದು. ಮಿತಿ ಅನ್ನುವುದು ಒಂದಿದೆ ಎಂದೇ ನನಗೆ ಗೊತ್ತಿರಲಿಲ್ಲ. ನನ್ನದೇ ಒಂದು ನಿಮಿಷದ ಮಾತು ಹಾಕಿ ನೋಡಿದ್ದೆ, ಬಂದಿತ್ತು. ಅಷ್ಟಕ್ಕೇ ಉದ್ಘಾಟನೆ ಆಯಿತು, ನನಗೆ ಶಾಲು ಹೊದಿಸಿದರು.

ಮಂಜುಳಾ ಎಚ್.ಡಿ. ಕೋಟೆ ಕಡೆಯವರು, ಅಂತರಸಂತೆ ಹತ್ತಿರದ ಒಂದು ಹಳ್ಳಿಯಲ್ಲಿ ಬಟ್ಟೆ ಹೊಲಿಯುವವರು. ನಮ್ಮ ವಿದ್ಯಾರ್ಥಿನಿಯೊಬ್ಬಳಿಂದ ವಿಷಯ ತಿಳಿದು ತಮ್ಮ ಅಪ್ಪ ಕರಿಗೌಡರ ಮಾತನ್ನು ನಲವತ್ತು ನಿಮಿಷ ರೆಕಾರ್ಡ್ ಮಾಡಿ, ಕೋಟೆಯ ಸೈಬರ್ ಸೆಂಟರಿಗೆ ಹೋಗಿ ಕಳಿಸಿದ್ದರು. ಕರಿಗೌಡರ ಊರು ಕಬಿನಿ ಹಿನ್ನೀರಿನಲ್ಲಿ ಮುಳುಗಿ ಹೋದ ಊರು. ಬಿಟ್ಟು ಬರುವಾಗ ಅವರಿಗೆ ಮೂವತ್ತರ ಆಸುಪಾಸು. ಮಂಜುಳಾ ಶೀರ್ಷಿಕೆಯ ಜಾಗದಲ್ಲಿ ಬರೆದಿದ್ದರು: 'ನಮ್ಮ ಅಪ್ಪ ಹಳೇ ಊರಿನ ಒಂದೊಂದು ಮನೆ ಹೇಳಿದ್ದು.'

ಒಂದೂವರೆ ತಿಂಗಳಾದ ಮೇಲೆ ಮೇಷ್ಟ್ರು ಆ ಸಾಲನ್ನು ನೋಡಿ, ಮೊದಲು ಇದನ್ನು ಕೇಳಬೇಕು ಅಂದರು. ಒತ್ತಿದೆ. ಏನೂ ಇಲ್ಲ. ಸಂಜೆ ಪೆನ್‌ಡ್ರೈವಿಗೆ ಹಾಕಿ ಕೊಡುತ್ತೇನೆಂದು ಅವರನ್ನು ಕಳಿಸಿ, ಸರ್ವರಿನಲ್ಲಿ ಹುಡುಕಿದೆ. ಅದೊಂದೇ ಅಲ್ಲ — ಏಳೆಂಟು ಹೆಸರುಗಳ ಮುಂದೆ ಫೈಲೇ ಇರಲಿಲ್ಲ. ಎಲ್ಲ ಉದ್ದದವು. ತಪ್ಪು ಎಲ್ಲಿದೆ ಎಂದು ಹುಡುಕಿ ಸರಿಮಾಡಲು ಒಂದು ಗಂಟೆಯೂ ಬೇಕಾಗಲಿಲ್ಲ. ಆಮೇಲೆ ಒಬ್ಬೊಬ್ಬರಿಗೂ ಫೋನ್ ಮಾಡಿದೆ. 'ದನಿ ಸ್ವಲ್ಪ ಸ್ಪಷ್ಟವಿಲ್ಲ, ಇನ್ನೊಂದು ಸಲ ಕಳಿಸಿ' ಅಂದೆ. ಅಲ್ಲೇ ಶುರುವಾಯಿತು ಸುಳ್ಳು. ಉಳಿದ ಎಲ್ಲರ ಫೋನಿನಲ್ಲೂ ಇತ್ತು, ಕಳಿಸಿದರು. ಕೊನೆಗೆ ಮಂಜುಳಾ.

"ಫೋನು ತುಂಬೋಗಿತ್ತು ಮೇಡಂ, ಅಳಿಸ್ಬುಟ್ಟೆ. ತಲುಪಿದೆ ಅಂತ ಬಂತಲ್ಲಾ... ಯಾಕ್ ಮೇಡಂ, ಬಂದಿಲ್ವಾ?"

ಅವರು ಹೊಲಿಗೆ ಮಿಷಿನ್ ನಿಲ್ಲಿಸಿದ್ದು ನನಗೆ ಕೇಳಿಸಿತು. ಇಲ್ಲ, ಬಂದಿಲ್ಲ, ತಪ್ಪು ನನ್ನದು, ದಯವಿಟ್ಟು ಇನ್ನೊಂದು ಸಲ — ಇಷ್ಟೇ ಹೇಳಬೇಕಿತ್ತು.

"ಬಂದಿದೆ, ಬಂದಿದೆ. ಸುಮ್ನೆ ಕೇಳ್ದೆ."

"ಸದ್ಯ. ಅಪ್ಪಂಗೆ ಒಂದೇ ಸಮ ಮಾತಾಡಿ ಕೆಮ್ಮು ಬಂದ್ಬುಟ್ಟಿತ್ತು. ಆದ್ರೂ ಬುಡ್ಲಿಲ್ಲ, ಕೊನೇ ಮನೆ ತಂಕ ಏಳುದ್ರು."

ಯಾಕೆ ಹಾಗೆ ಹೇಳಿದೆ? ಅತಿಥಿ ಉಪನ್ಯಾಸಕರನ್ನು ಮುಂದಿನ ವರ್ಷಕ್ಕೂ ಇಟ್ಟುಕೊಳ್ಳುವರೋ ಇಲ್ಲವೋ ಎಂದು ತೀರ್ಮಾನವಾಗುವ ಕಾಲ ಅದು. ಶಾಲು ಹೊದಿಸಿಕೊಂಡಿದ್ದೆ. ಕಂಪ್ಯೂಟರ್ ಬಲ್ಲವಳೆಂದು ಹೆಸರಾಗಿತ್ತು. ಇವೆಲ್ಲ ಇದ್ದವು. ಆದರೆ ಇದು ಒಂದು ಕ್ಷಣದ ಸುಳ್ಳಿಗೆ ಸಾಕಾದೀತು, ಎಂಟು ತಿಂಗಳ ಸುಳ್ಳಿಗೆ ಸಾಲದು. ಅದಾದ ಮೇಲೆ ಕರಿಗೌಡರು ಎಂಟು ತಿಂಗಳು ಬದುಕಿದ್ದರು. ಈ ವಾರ ಹೇಳೋಣ, ಪರೀಕ್ಷೆ ಮುಗಿಯಲಿ, ನೇಮಕದ ಪಟ್ಟಿ ಬರಲಿ... ಮಂಜುಳಾ ಎರಡು ಸಲ ಫೋನ್ ಮಾಡಿ, ಅಪ್ಪನ ಮಾತನ್ನು ಎಲ್ಲರಿಗೂ ಕೇಳುವಂತೆ ಯಾವಾಗ ಹಾಕುತ್ತೀರಿ ಎಂದು ಕೇಳಿದರು. ಎಡಿಟಿಂಗ್ ನಡೀತಿದೆ ಅಂದೆ. ಮೇಷ್ಟ್ರಿಗೆ, ಆ ಫೈಲು ತೆರೆಯುತ್ತಿಲ್ಲ, ನೋಡುತ್ತಿದ್ದೇನೆ ಅಂದೆ. ಒಂದು ಬಸ್ಸು ಹತ್ತಿ ಹೋಗಿ ನನ್ನ ಫೋನನ್ನೇ ಆ ಹಿರಿಯರ ಮುಂದೆ ಇಟ್ಟಿದ್ದರೆ ಮುಗಿಯುತ್ತಿತ್ತು. ಅದನ್ನೂ ಮಾಡಲಿಲ್ಲ.

ಕರಿಗೌಡರು ತೀರಿಕೊಂಡ ಐದನೇ ದಿನ ಮಂಜುಳಾ ಪೆನ್‌ಡ್ರೈವ್ ತೆಗೆದುಕೊಂಡು ಹುಣಸೂರಿಗೆ ಬಂದರು. ನಾನು ಅವರನ್ನು ಮೊದಲು ನೋಡಿದ್ದು ಅವತ್ತು. ಹನ್ನೊಂದರ ದಿನಕ್ಕೆ ಹಳೇ ಊರಿನವರೆಲ್ಲ ಬರುತ್ತಾರೆ, ಎಲ್ಲೆಲ್ಲೋ ಚದುರಿ ಹೋದವರು, ಅವರ ಮುಂದೆ ಅಪ್ಪನ ಮಾತು ಹಾಕಬೇಕು ಅಂದರು. ಊರ ಬಾಗಿಲಿಂದ ಹಿಡಿದು ಎಡಕ್ಕೆ ಯಾರ ಮನೆ, ಬಲಕ್ಕೆ ಯಾರ ಮನೆ, ಯಾರ ಹಿತ್ತಲಲ್ಲಿ ಸೀಬೆ ಗಿಡ, ಯಾವ ಬಾವಿ ನೀರು ಸಪ್ಪೆ — ಅಪ್ಪ ಎಲ್ಲ ಹೇಳಿದ್ದಾರೆ ಅಂದರು. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇಲ್ಲವೆಂದು ಗೊತ್ತಿರುವ ಫೈಲನ್ನು ಹತ್ತು ನಿಮಿಷ ಹುಡುಕಿದಂತೆ ಮಾಡಿದೆ. ಇಷ್ಟೆಲ್ಲದರಲ್ಲಿ ನನಗೆ ಅತಿ ಹೆಚ್ಚು ಹೇಸಿಗೆಯಾಗುವುದು ಆ ಹತ್ತು ನಿಮಿಷ ನೆನೆದರೆ.

"ಸರ್ವರ್ ಕೆಟ್ಟು ಕೆಲವು ಫೈಲು ಹೋಗಿವೆ" ಅಂದೆ.

ಅವರು ಪೆನ್‌ಡ್ರೈವನ್ನು ಚೀಲಕ್ಕೆ ಹಾಕಿಕೊಂಡರು. ಆಮೇಲೆ ನನ್ನ ಕೈ ಮೇಲೆ ಕೈ ಇಟ್ಟರು. "ಬುಡಿ ಮೇಡಂ. ಮಿಷಿನ್ ಕೆಟ್ರೆ ನೀವೇನ್ ಮಾಡೀರಿ?"

ಆಮೇಲೆ ನನಗೆ ಕೆಲಸ ಮುಂದುವರಿಯಿತು. ಪ್ರತಿ ವರ್ಷ ಫೈಲ್ ಅಪ್‌ಲೋಡ್ ಪಾಠ ಮಾಡುತ್ತೇನೆ. ಬಂದಿದೆಯೋ ನೋಡಿ, ನೋಡಿದ ಮೇಲೆ ಮಾತ್ರ ಬಂದಿದೆ ಎನ್ನಿ ಎಂದು ಬೋರ್ಡಿನ ಮೇಲೆ ಬರೆಸುತ್ತೇನೆ. ಒಳ್ಳೆಯ ಪಾಠವೆಂದು ಮಕ್ಕಳು ಹೇಳುತ್ತಾರೆ.

ಎರಡು ತಿಂಗಳ ಹಿಂದೆ ಹುಣಸೂರು ಬಸ್‌ಸ್ಟ್ಯಾಂಡಿನಲ್ಲಿ ಮಂಜುಳಾ ಸಿಕ್ಕಿದರು. ಅವರೇ ಗುರುತು ಹಿಡಿದು ಮಾತಾಡಿಸಿದರು. ಪಿರಿಯಾಪಟ್ಟಣದಲ್ಲಿ ಅವರ ಅಣ್ಣ ಮಹದೇವ ಅವರ ಗೊಬ್ಬರದ ಅಂಗಡಿ ಇದೆ ಎಂದು ಹಿಂದೆ ಅವರೇ ಹೇಳಿದ್ದರು, ಅಲ್ಲಿಗೇ ಹೊರಟಿರಾ ಎಂದು ಕೇಳಿದೆ.

"ಇಲ್ಲ ಮೇಡಂ, ಅಣ್ಣ ಮಾತಾಡ್ಸಲ್ಲ. ಅಪ್ಪನ ಮಾತ್ನ ಅಳಿಸ್ಬುಟ್ಟೆ ಅಂತ. ಮಿಷಿನ್ ಕೆಟ್ಟೋಯ್ತು ಅಂದ್ರೆ, ನೀನ್ಯಾಕೆ ಫೋನಿಂದ ತೆಗ್ದೆ ಅಂತಾನೆ. ಅವ್ನು ಉಟ್ಟಿದ್ದು ಆ ಊರಲ್ಲೇ ಅಲ್ವಾ, ಎತ್ಕೊಂಡ್ ಬಂದಾಗ ಎರಡೊರ್ಸ. ಅವ್ನಿಗೇ ಜಾಸ್ತಿ ಆಸೆ ಇತ್ತು ಕೇಳ್ಬೇಕು ಅಂತ."

ಕೋಟೆ ಬಸ್ಸು ಬಂತು, ಅವರು ಹತ್ತಿದರು. ಇಷ್ಟು ವರ್ಷ ನನ್ನ ಸುಳ್ಳಿನ ಭಾರ ನನ್ನೊಬ್ಬಳ ಮೇಲಿದೆ ಎಂದುಕೊಂಡಿದ್ದೆ. ಅದನ್ನು ಹೊತ್ತವರು ಅವರು.

ಮುಂದಿನ ಶನಿವಾರ ಅವರ ಊರಿಗೆ ಹೋದೆ. ಜಗಲಿಯಲ್ಲಿ ಕೂತು, ಎಲ್ಲವನ್ನೂ — ನೋಡದೆ ಬಿಟ್ಟ ಸಂಖ್ಯೆಯನ್ನು, ಗೊತ್ತಾದ ದಿನವನ್ನು, ಫೋನಿನಲ್ಲಿ ಆಡಿದ ಮಾತನ್ನು, ಲ್ಯಾಬಿನ ಹತ್ತು ನಿಮಿಷವನ್ನು — ಬಿಡದೆ ಹೇಳಿದೆ. ಮಂಜುಳಾ ಹೊಲಿಯುತ್ತಿದ್ದ ರವಿಕೆಯನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

"ಅಂಗಾರೆ ಆವಾಗ ಅಪ್ಪ ಇದ್ರು."

"ಹೌದು."

"ಎಂಟ್ ತಿಂಗ್ಳು. ಇಲ್ಲೇ ಕೂತಿರ್ತಿದ್ರು, ಈ ಜಗ್ಲಿ ಮೇಲೆ. ಯಾರಾರ ಮಾತಾಡ್ಸಲಿ ಅಂತ ಕಾಯ್ತಾ."

ನಾನು ಕ್ಷಮಿಸಿ ಅಂದೆ. ಅವರು ರವಿಕೆಯನ್ನು ಪಕ್ಕಕ್ಕಿಟ್ಟರು. ಕಾಫಿ ಕುಡೀರಿ ಅನ್ನಲಿಲ್ಲ. ನಾನು ಏಳುವಾಗ ಮಾತ್ರ ಅಂದರು, "ನಮ್ಮಣ್ಣಂಗೂ ನೀವೇ ಓಗಿ ಏಳಿ ಮೇಡಂ. ನಾನ್ ಏಳುದ್ರೆ ನಂಬಲ್ಲ."

ಸೋಮವಾರ ಕಾಲೇಜಿನಲ್ಲಿ ಪ್ರಿನ್ಸಿಪಾಲರಿಗೆ, ನಿವೃತ್ತರಾಗಿ ಮನೆಯಲ್ಲಿರುವ ಶಿವನಂಜಪ್ಪ ಮೇಷ್ಟ್ರಿಗೆ ಫೋನಿನಲ್ಲಿ, ಇಬ್ಬರಿಗೂ ಹೇಳಿದೆ. ಆ ಭಾನುವಾರ ಪಿರಿಯಾಪಟ್ಟಣಕ್ಕೆ ಹೋದೆ. ಮಹದೇವ ಅವರು ಅಂಗಡಿಯ ಬೆಂಚಿನ ಮೇಲೆ ಕೂರಿಸಿ, ಕೊನೆಯವರೆಗೂ ನಡುವೆ ಬಾಯಿ ಹಾಕದೆ ಕೇಳಿದರು. ಬೈಯುತ್ತಾರೆಂದುಕೊಂಡಿದ್ದೆ.

"ಅದ್ರಲ್ಲಿ ನಮ್ಮನೆ ಎಲ್ಲಿತ್ತು ಅಂದಿದ್ರು?" ಎಂದು ಕೇಳಿದರು.

"ನಾನು ಅದನ್ನು ಕೇಳೇ ಇಲ್ಲ. ಅಪ್ಪ ಹೇಳುವಾಗ ಎದುರಿಗೆ ಕೂತಿದ್ದವರು ನಿಮ್ಮ ತಂಗಿ ಒಬ್ಬರೇ."

ಗಿರಾಕಿಯೊಬ್ಬರು ಯೂರಿಯಾ ಕೇಳಿಕೊಂಡು ಬಂದರು. ಇಲ್ಲ ಅನ್ನುವಂತೆ ಕೈ ಆಡಿಸಿ ಕಳಿಸಿದರು. ಮೂಟೆಗಳು ನನ್ನ ಕಣ್ಣೆದುರಿಗೇ ಇದ್ದವು.

"ಹನ್ನೊಂದ್ರ ದಿನ, ಎಲ್ಲಾರ ಮುಂದೆ, ಅಪ್ಪನ ಗಂಟ್ಲು ಇಸ್ಕಿದೋಳು ಅಂದ್ಬುಟ್ಟಿದ್ದೆ ಅವ್ಳ. ಅವತ್ತಿಂದ ಅವ್ಳ ಒಸ್ಲು ತುಳ್ದಿಲ್ಲ" ಅಂದರು. ಆಮೇಲೆ ನನ್ನ ಮುಖ ನೋಡಿ, "ಈಗ ಏನಂತ ಓಗ್ಲಿ ಮೇಡಂ?"

ತಲೆ ತಗ್ಗಿಸಿ, ಅವರು 'ಹೋಗಿ' ಅನ್ನುವವರೆಗೂ ಅಲ್ಲೇ ಕೂತಿದ್ದೆ.