ಒಂದೇ ಸಂಘದ ವಿನಿಫ್ರೆಡ್ ಮೇಡಂ

ನಮ್ಮ ಹ್ಯಾಲಿಫ್ಯಾಕ್ಸ್ ಶಾಲೆಯ ಗಣಿತದ ವಿನಿಫ್ರೆಡ್ ಮೇಡಂ ಬಾಯಲ್ಲಿ ಸದಾ ಒಂದೇ ಮಾತು: ಶಿಕ್ಷಕರ ಎರಡೂ ಸಂಘಗಳು ಒಂದಾಗಬೇಕು. ಹಲ್ಲಿನ ಡಾಕ್ಟರು ಬಾಯಿ ತೆರೆಯಿರಿ ಎಂದಾಗಲೂ ಆಕೆ ಅದನ್ನೇ ಹೇಳುತ್ತಾರೆಂದು ನಾವು ಉಳಿದ ಶಿಕ್ಷಕರು ನಗುತ್ತಿದ್ದೆವು. ಪ್ರತಿ ವರ್ಷ ಸಂಘದ ಸಭೆಯಲ್ಲಿ ಠರಾವು ಮಂಡಿಸುತ್ತಿದ್ದರು, ಸೋಲುತ್ತಿದ್ದರು, ಮರುದಿನವೇ ಹೊಸ ಠರಾವು ಬರೆಯಲು ಕೂರುತ್ತಿದ್ದರು. "ಇನ್ನೂ ಸಾಕಾಗ್ಲಿಲ್ವೇನ್ರೀ?" ಎಂದು ಒಮ್ಮೆ ಕೆಣಕಿದೆ. "ನಮ್ಮ ಸಂಘ ಮುಷ್ಕರ ಹೂಡಿದ ದಿನ ನಾನು ಗೇಟಿನ ಹೊರಗೆ ನಿಂತಿದ್ದೆ ಕಣಯ್ಯ. ನಮ್ಮ ಡೆಸ್ಮಂಡ್ ಇನ್ನೊಂದು ಸಂಘದವರಲ್ವಾ? ಕಟ್ಕೊಂಡ ಗಂಡನೇ ತಲೆ ತಗ್ಗಿಸ್ಕೊಂಡು ನನ್ನೆದುರೇ ಪಾಠ ಮಾಡೋಕೆ ಒಳಗೆ ಹೋದ್ರು" ಎಂದರು. ಆಮೇಲೆ ನಾನು ಕೆಣಕಲಿಲ್ಲ. ಆಕೆ ಠರಾವು ಮಂಡಿಸತೊಡಗಿದ ಇಪ್ಪತ್ತೆರಡನೆಯ ವರ್ಷ ಎರಡೂ ಸಂಘಗಳು ಮತ ಹಾಕಿ ಒಂದಾದವು. ಫಲಿತಾಂಶ ಕೇಳಿ ಸಭಾಂಗಣವೆಲ್ಲ ಎದ್ದು ಕೂಗುತ್ತಿರುವಾಗ, ಡೆಸ್ಮಂಡ್ ಆಚೆ ತಮ್ಮ ಸಂಘದವರ ಸಾಲಿನಿಂದ ಕುರ್ಚಿಗಳನ್ನು ದಾಟಿಕೊಂಡು ಬಂದರು. "ಸ್ವಲ್ಪ ಸರ್ಕೋ ವಿನಿ, ಇನ್ಮೇಲೆ ನಾನೂ ಇಲ್ಲೇ ಕೂರೋದು."