ಕುದಿಸಿದ ಕಂಬಳಿ

ಪ್ರಯೋಗಾಲಯದ ಮೇಲ್ವಿಚಾರಕಿ ಉಟೆ ಕೈಗವಸು ತೊಟ್ಟು ನನ್ನ ಕೋಣೆಗೇ ಬಂದಳು. ಹಾಸಿಗೆಯ ಮೇಲಿದ್ದ ಕಂಬಳಿಯನ್ನು ಸತ್ತ ಹೆಗ್ಗಣದಂತೆ ಎರಡು ಬೆರಳಲ್ಲಿ ಎತ್ತಿ, ಪರೀಕ್ಷೆಗೆಂದು ಹತ್ತಿಯಿಂದ ಒರೆಸಿಕೊಂಡು ಹೋದಳು. ಜರ್ಮನಿಗೆ ಬಂದ ಮೇಲೆ ನನ್ನ ಮನೆ ಹೊಕ್ಕ ಮೊದಲ ಅತಿಥಿ ಈ ಮಹಾತಾಯಿ. ಶಿರಾ ತಾಲ್ಲೂಕಿನ ತಾವರೆಕೆರೆ ಕಡೆ, ಕುರಿ ಕಾಯುವ ನಮ್ಮ ಮನೆಯಲ್ಲಿ ನೆಂಟರು ಬಂದರೆ ಕುರ್ಚಿಯಿದ್ದರೂ ಕಂಬಳಿ ಹಾಸಿಯೇ ಕೂರಿಸುತ್ತೇವೆ.

ಇಲ್ಲಿ ನನ್ನ ಕೆಲಸ ಗಾಜಿನ ಕುಪ್ಪಿಗಳಲ್ಲಿ ಗಿಡದ ಜೀವಕೋಶ ಸಾಕುವುದು. ಅವಕ್ಕೆ ಸ್ಟೀರಾಯ್ಡ್ ಔಷಧಿ ಉಣ್ಣಿಸಿದರೆ, ಅದನ್ನು ಅಷ್ಟಿಷ್ಟು ತಿದ್ದಿ ಹೊಸ ವಸ್ತು ಮಾಡಿಕೊಡುತ್ತವೆ. ಅದು ದೇಹದ ಯಾವುದಾದರೂ ಕಿಣ್ವವನ್ನು ತಡೆದರೆ ಮುಂದೆ ಮದ್ದಾದೀತು. ಆದರೆ ನನ್ನ ಕುಪ್ಪಿಗಳಿಗೆ ಬೂಷ್ಟು ಬಂತು. ಬೂಷ್ಟೂ ಸ್ಟೀರಾಯ್ಡನ್ನು ತಿದ್ದಬಲ್ಲದು, ಹಾಗಾಗಿ ಸಿಕ್ಕಿದ್ದು ಯಾರ ಕೈಗುಣವೆಂದು ಹೇಳುವಂತಿಲ್ಲ. ಚಳಿಗಾಲದ ದುಡಿಮೆಯನ್ನೆಲ್ಲ ಚೆಲ್ಲಿದೆ.

ಕಂಬಳಿಯಲ್ಲಿದ್ದದ್ದೂ ಅದೇ ಬೂಷ್ಟು, ನನ್ನ ಮೈಬಟ್ಟೆಗೆ ಅಂಟಿ ಕುಪ್ಪಿಗಳಿಗೆ ಬಂದಿದೆ ಎಂದು ಉಟೆ ತೋರಿಸಿದಳು. ಅವಳು ಹೇಳಿದ್ದು ನಿಜವಾದ್ದರಿಂದ ನನಗೆ ಇನ್ನಷ್ಟು ಮೈ ಉರಿಯಿತು. ಕಂಬಳಿಗೆ ನಮ್ಮವರು ಹುಣಸೆ ಬೀಜದ ಗಂಜಿ ಹಚ್ಚುತ್ತಾರೆ. ತಾವರೆಕೆರೆಯ ಒಣ ಬಿಸಿಲಲ್ಲಿ ಅದು ಹಲಗೆಯಂತೆ ನಿಲ್ಲುತ್ತದೆ. ಇಲ್ಲಿನ ದರಿದ್ರ ತೇವಕ್ಕೆ ಆ ಗಂಜಿಯೇ ಬೂಷ್ಟಿಗೆ ಊಟವಾಯಿತು. ‘ಲ್ಯುಫ್ಟೆನ್’ ಎಂದು ಮನೆಯೊಡತಿ ದಿನಾ ಬೈಯುತ್ತಿದ್ದಳು. ಹಿಮ ಬೀಳುತ್ತಿದ್ದರೂ ಕಿಟಕಿ ತೆರೆದು ಗಾಳಿಯಾಡಿಸಬೇಕಂತೆ. ಸಾಯಲು ಇನ್ನೂ ಸುಲಭದ ದಾರಿಗಳಿವೆ ಎಂದುಕೊಂಡು ಮುಚ್ಚಿಯೇ ಇಟ್ಟಿದ್ದೆ.

ಕಂಬಳಿ ಬಿಸಾಡು, ಇಲ್ಲವೇ ಕುಪ್ಪಿಗಳ ಕೋಣೆಗೆ ಕಾಲಿಡಬೇಡ ಎಂದಳು ಉಟೆ. ಕಾಲಿಡದಿದ್ದರೆ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ವೀಸಾ ಇಲ್ಲ. ಉಣ್ಣೆ ನೂತು ಆ ಕಂಬಳಿ ಮಾಡಿಸಿದ್ದ ಅವ್ವನಿಗೆ ಫೋನಿನಲ್ಲಿ ಹೇಳಿದೆ.

“ಅವ್ರು ಅಂದ್ರೂಂತ ಬಿಸಾಕ್ಬುಡ್ತೀಯಾ? ಅಂಗೇ ನಮ್ಮನ್ನೂ ಬಿಸಾಕ್ಬುಡು,” ಎಂದು ಫೋನಿಟ್ಟಳು.

ಬಿಸಾಡಲಿಲ್ಲ. ಮನೆಯೊಡತಿಯ ಯಂತ್ರದಲ್ಲಿ ‘ಕೋಖ್‌ವೆಶೆ’ ಎಂಬ ಗುಂಡಿಯಿದೆ, ಬಟ್ಟೆಯನ್ನು ಕುದಿಸಿ ಒಗೆಯುವುದು. ಉಣ್ಣೆಯನ್ನು ಕುದಿಸಿದರೆ ಏನಾಗುತ್ತದೆಂದು ನಮ್ಮ ಮನೆಯಲ್ಲಿ ಮಕ್ಕಳಿಗೂ ಗೊತ್ತು. ಗೊತ್ತಿದ್ದೇ ಹಾಕಿದೆ.

ಉಟೆ ಮತ್ತೆ ಒರೆಸಿ ನೋಡಿದಳು. ಬೂಷ್ಟಿರಲಿಲ್ಲ, ಒಳಗೆ ಬಿಟ್ಟಳು. ಹೊಸ ಕುಪ್ಪಿಗಳು ಶುದ್ಧವಾಗಿ ಉಳಿದವು. ಅವುಗಳಿಂದ ಸಿಕ್ಕ ಒಂದು ವಸ್ತು ಕಿಣ್ವವನ್ನು ತಕ್ಕಮಟ್ಟಿಗೆ ತಡೆಯಿತು. ಅಂದು ಈ ಊರಿನ ಬೀದಿಯಲ್ಲಿ ಮೊದಲ ಸಲ ತಲೆಯೆತ್ತಿ ನಡೆದೆ. ಇದನ್ನು ಬಿಟ್ಟು ಹೋಗುವ ಮನಸ್ಸು ಈಗಿಲ್ಲ, ಇದರ ಮೇಲಿನ ಸಿಟ್ಟೂ ಹೋಗಿಲ್ಲ.

ಮೊನ್ನೆ ವಿಡಿಯೋ ಕರೆಯಲ್ಲಿ ಅವ್ವ ಕಂಬಳಿ ತೋರಿಸೆಂದಳು. ಕೂಸಿನ ದುಪ್ಪಟಿಯಷ್ಟಕ್ಕೆ ಕುಗ್ಗಿ ಗಂಟುಗಂಟಾದದ್ದನ್ನು ಹಿಡಿದು ನಿಂತೆ. ಅವ್ವ ಫೋನನ್ನು ಕಣ್ಣಿನ ಹತ್ತಿರಕ್ಕೆ ತಂದು ನೋಡಿದಳು.

“ಇದು ನಮ್ದಲ್ಲ ಕಣಮ್ಮ.”

“ಇವ್ರುದೂ ಅಲ್ಲ ಕಣವ್ವ,” ಅಂದೆ.